ಟ್ರೈಲರ್ ಎಳೆದುಕೊಂಡು ಘಾಟಿ ಏರುವಾಗ ಆಟೋಮ್ಯಾಟಿಕ್ ಪಿಕಪ್‌ನ ಗೇರ್‌ಬಾಕ್ಸ್ ಕಾಯದಂತೆ ನೋಡಿಕೊಳ್ಳುವುದು ಹೇಗೆ?

ಸುಲಿಯಂತ್ರ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಆರು ಗೇರಿನ ಆಟೋಮ್ಯಾಟಿಕ್ ಡೀಸೆಲ್ ಪಿಕಪ್ ಇದೆ. ಅಡಿಕೆ ಸುಲಿಯುವ ಯಂತ್ರವನ್ನು ಟ್ರೈಲರ್ ಮೇಲೆ ಕೂರಿಸಿಕೊಂಡು ಊರೂರಿಗೆ ಬಾಡಿಗೆಗೆ ಒಯ್ಯುತ್ತೇನೆ. ಅಡಿಕೆ ಗೊನೆ ಕೊಯ್ಯುವ ತಿಂಗಳುಗಳಲ್ಲಿ ಹಸಿ ಅಡಿಕೆ ಸುಲಿಯುವ ಕೆಲಸ ನಮ್ಮ ತಾಲ್ಲೂಕಿನೊಳಗೇ ಮುಗಿಯುತ್ತದೆ, ಆಗ ಯಾವ ತೊಂದರೆಯೂ ಬಂದಿಲ್ಲ. ಬೇಸಿಗೆಯಲ್ಲಿ ಘಟ್ಟದ ಕೆಳಗೆ ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಕೆಲಸಕ್ಕೆ ಹೋಗಿ, ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತಿ ಹಿಂದಿರುಗುವಾಗ, ಅರ್ಧ ದಾರಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ಕಾದಿದೆ ಎಂಬ ಎಚ್ಚರಿಕೆ ದೀಪ ಹತ್ತಿಕೊಂಡಿತು. ಎಂಜಿನ್ ಉಷ್ಣತೆಯ ಮುಳ್ಳು ಮಾತ್ರ ನಡುವಿನಲ್ಲೇ ಇತ್ತು. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಕಾದ ಮೇಲೆ ದೀಪ ಆರಿತು, ಮನೆ ತಲುಪಿದೆ. ಎಂಜಿನ್ ತಣ್ಣಗಿರುವಾಗ ಗೇರ್‌ಬಾಕ್ಸ್ ಮಾತ್ರ ಕಾಯುವುದೇಕೆ? ಪ್ರತ್ಯೇಕ ಆಯಿಲ್ ಕೂಲರ್ ಹಾಕಿಸಬೇಕೇ, ಅಥವಾ ಓಡಿಸುವ ಕ್ರಮವನ್ನೇ ಬದಲಿಸಬೇಕೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ಬರೆಯಿರಿ.

ಗೇರ್‌ಬಾಕ್ಸ್ ರಿಪೇರಿ, ಶಿವಮೊಗ್ಗ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವಕ್ಕೂ ದಾರಿ ಸಿಗುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮ್ಯಾನುಯಲ್ ಗಾಡಿಯಲ್ಲಿ ಕ್ಲಚ್ ಕೂತ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ವೇಗದಲ್ಲಿ ತಿರುಗುತ್ತವೆ. ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ನಿಗೆ ಜೋಡಿಸಿದ ಪಂಪು ಆಯಿಲನ್ನು ಎಸೆಯುತ್ತದೆ, ಆ ಹೊಡೆತಕ್ಕೆ ಎದುರಿನ ಟರ್ಬೈನ್ ತಿರುಗಿ ಗೇರ್‌ಬಾಕ್ಸನ್ನು ತಿರುಗಿಸುತ್ತದೆ, ನಡುವಿನ ಸ್ಟೇಟರ್ ಆಯಿಲಿನ ದಿಕ್ಕನ್ನು ತಿದ್ದಿ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚಿಸುತ್ತದೆ. ಪಂಪು ಮತ್ತು ಟರ್ಬೈನ್‌ಗಳ ವೇಗದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ಶಕ್ತಿ ಚಕ್ರಕ್ಕೆ ತಲುಪದೆ ಆಯಿಲಿನೊಳಗೇ ಶಾಖವಾಗುತ್ತದೆ. ನಿಮ್ಮ ಗೇರ್‌ಬಾಕ್ಸ್ ಕಾಯುವುದಕ್ಕೆ ಬಹುಪಾಲು ಕಾರಣ ಇದೊಂದೇ. ಎಂಜಿನ್ ಕೂಲೆಂಟ್ ತನ್ನ ರೇಡಿಯೇಟರಿನಲ್ಲಿ ಸಮಾಧಾನವಾಗಿ ತಣಿಯುತ್ತಿರುವಾಗಲೇ ಗೇರ್‌ಬಾಕ್ಸ್ ಆಯಿಲ್ ಮಿತಿ ಮೀರಬಲ್ಲದು, ಆದ್ದರಿಂದ ಎಂಜಿನ್ ಮುಳ್ಳನ್ನು ನೋಡಿಕೊಂಡು ಗೇರ್‌ಬಾಕ್ಸಿನ ಬಗ್ಗೆ ನಿಶ್ಚಿಂತರಾಗಿರುವಂತಿಲ್ಲ.

ಸಮತಟ್ಟಾದ ಹೆದ್ದಾರಿಯಲ್ಲಿ ಈ ಜಾರುವಿಕೆಯನ್ನು ತಪ್ಪಿಸಲೆಂದೇ ಕನ್ವರ್ಟರಿನೊಳಗೆ ಲಾಕಪ್ ಕ್ಲಚ್ ಇಟ್ಟಿದ್ದಾರೆ. ಅದು ಹಿಡಿದುಕೊಂಡರೆ ಪಂಪು ಮತ್ತು ಟರ್ಬೈನ್ ಒಂದಾಗಿ ತಿರುಗುತ್ತವೆ, ಕನ್ವರ್ಟರಿನಲ್ಲಿ ಶಾಖ ಹುಟ್ಟುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಆದರೆ ಹುಲಿಕಲ್, ಆಗುಂಬೆಯಂಥ ಘಾಟಿಗಳಲ್ಲಿ ಪ್ರತಿ ಹೇರ್‌ಪಿನ್ ತಿರುವಿಗೂ ವೇಗ ಇಳಿಯುತ್ತದೆ, ಲಾಕಪ್ ಬಿಟ್ಟುಕೊಳ್ಳುತ್ತದೆ, ತಿರುವು ಮುಗಿಯುತ್ತಿದ್ದಂತೆ ನೀವು ಆಕ್ಸಿಲರೇಟರ್ ಒತ್ತುತ್ತೀರಿ, ಭಾರವೆಲ್ಲ ಜಾರುತ್ತಿರುವ ಆಯಿಲಿನ ಮೇಲೆಯೇ ಬೀಳುತ್ತದೆ. ಲಾಕಪ್ ಮತ್ತೆ ಹಿಡಿಯುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯವಿಷ್ಟು: ಕೂಲರ್ ಒಳ್ಳೆಯದೇ, ಆದರೆ ಶಾಖ ಹುಟ್ಟಿದ ಮೇಲೆ ಅದನ್ನು ಹೊರಗೆ ಹಾಕುವುದಕ್ಕಿಂತ ಹುಟ್ಟದಂತೆ ಗಾಡಿ ಓಡಿಸುವುದು ಮೊದಲು. ಘಾಟಿ ಆರಂಭವಾಗುವ ಮುನ್ನವೇ ಗೇರ್ ಲಿವರನ್ನು ಮ್ಯಾನುಯಲ್ ಕ್ರಮಕ್ಕೆ ತಂದು ಎರಡನೆಯ ಗೇರಿನಲ್ಲಿ, ಏರು ಸಡಿಲವಿದ್ದಲ್ಲಿ ಮೂರನೆಯದರಲ್ಲಿ, ಹಿಡಿದಿಡಿ. ಕೆಳಗಿನ ಗೇರಿನಲ್ಲಿ ಅದೇ ರಸ್ತೆವೇಗಕ್ಕೆ ಟರ್ಬೈನ್ ಹೆಚ್ಚು ವೇಗವಾಗಿ ತಿರುಗುತ್ತದೆ, ಎಂಜಿನ್ ಕೊಡಬೇಕಾದ ಟಾರ್ಕ್ ಕಡಿಮೆಯಾಗುತ್ತದೆ, ಎರಡರ ವೇಗದ ಅಂತರವೂ ಕಿರಿದಾಗುತ್ತದೆ. ಕನ್ವರ್ಟರ್ ಹೊರಬಲ್ಲ ಟಾರ್ಕ್ ಅದರ ಪಂಪಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 1400 ಆರ್‌ಪಿಎಂನಲ್ಲಿ ಒದ್ದಾಡುವ ಗಾಡಿ 2200ರಲ್ಲಿ ಸಲೀಸಾಗಿ ಹತ್ತುತ್ತದೆ. ಎಂಜಿನ್ ಸದ್ದು ಜಾಸ್ತಿಯಾಯಿತೆಂದು ಅನೇಕರು ಹೆದರುತ್ತಾರೆ. ಆ ಸದ್ದಿನಿಂದ ಗೇರ್‌ಬಾಕ್ಸಿಗೆ ಒಳ್ಳೆಯದೇ ಆಗುತ್ತಿರುತ್ತದೆ, ಏಕೆಂದರೆ ಆಯಿಲ್ ಪಂಪು ಮತ್ತು ನೀರಿನ ಪಂಪು ಎರಡೂ ಆಗ ಹೆಚ್ಚು ದ್ರವವನ್ನು ಕೂಲರಿನ ಮೂಲಕ ಹಾಯಿಸುತ್ತವೆ.

ಪಿಕಪ್ ಮಾಲೀಕ, ಕೊಪ್ಪ

ಮೇಲಿನ ಮಾತನ್ನು ನನ್ನ ಅನುಭವದಿಂದಲೂ ಅನುಮೋದಿಸುತ್ತೇನೆ. ಲಿವರನ್ನು ಡಿ (ಡ್ರೈವ್) ಸ್ಥಾನದಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೂರು ಮತ್ತು ನಾಲ್ಕರ ನಡುವೆ ತೀರ್ಮಾನಕ್ಕೆ ಬಾರದೆ ಹತ್ತಿಳಿಯುತ್ತಲೇ ಇರುತ್ತದೆ. ಪ್ರತಿ ಬದಲಾವಣೆಯಲ್ಲಿಯೂ ಒಳಗಿನ ಕ್ಲಚ್ ಪ್ಲೇಟುಗಳು ಉಜ್ಜಿಕೊಂಡು ಬಿಸಿಯಾಗುತ್ತವೆ, ಅದು ಕನ್ವರ್ಟರಿನ ಶಾಖಕ್ಕೆ ಸೇರಿಕೊಳ್ಳುತ್ತದೆ. ಒಂದೇ ಗೇರನ್ನು ಹಿಡಿದಿಡುವುದರಿಂದ ಇದೂ ತಪ್ಪುತ್ತದೆ.

ಭೌತಶಾಸ್ತ್ರ ಶಿಕ್ಷಕಿ, ಸಾಗರ

ವಾಹನಗಳ ರಿಪೇರಿ ನನಗೆ ತಿಳಿಯದು, ಆದರೆ ಈ ಶಾಖ ಎಷ್ಟಿರಬಹುದೆಂದು ಲೆಕ್ಕ ಹಾಕಬಹುದು. ಪಿಕಪ್, ಸಾಮಾನು ಮತ್ತು ಟ್ರೈಲರ್ ಸೇರಿ 3500 ಕಿಲೋ ಇದೆ ಎಂದೂ, 500 ಮೀಟರ್ ಎತ್ತರವನ್ನು 20 ನಿಮಿಷದಲ್ಲಿ ಏರುತ್ತದೆ ಎಂದೂ ಇಟ್ಟುಕೊಳ್ಳೋಣ. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸವೇ ಸುಮಾರು 17 ಮೆಗಾಜೂಲ್, ಅಂದರೆ ಸರಾಸರಿ 14 ಕಿಲೋವ್ಯಾಟ್. ಟೈರಿನ ಮತ್ತು ಗಾಳಿಯ ಪ್ರತಿರೋಧವನ್ನು ಇಲ್ಲಿ ಸೇರಿಸಿಲ್ಲ. ಲಾಕಪ್ ಇಲ್ಲದೆ ಕನ್ವರ್ಟರಿನ ದಕ್ಷತೆ ಶೇಕಡಾ 80ರಷ್ಟಿದೆ ಎಂದು ಹಿಡಿದರೆ, ಆ 14 ಕಿಲೋವ್ಯಾಟ್ ಚಕ್ರದ ಕಡೆಗೆ ಹೋಗಬೇಕಾದರೆ ಎಂಜಿನ್ ಸುಮಾರು 18 ಕೊಡಬೇಕು. ನಡುವಿನ ಮೂರೂವರೆ ಕಿಲೋವ್ಯಾಟ್ ಆಯಿಲಿಗೆ ಸೇರುತ್ತದೆ. ಸ್ನಾನದ ಮನೆಯ ದೊಡ್ಡ ಗೀಸರೊಂದನ್ನು ಗೇರ್‌ಬಾಕ್ಸಿನೊಳಗೆ ಇಪ್ಪತ್ತು ನಿಮಿಷ ಹಚ್ಚಿಟ್ಟಂತಾಯಿತು.

ಎಂಟು ಕಿಲೋ ಆಯಿಲಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 16 ಕಿಲೋಜೂಲ್ ಸಾಕು. ಶಾಖವೆಲ್ಲ ಆಯಿಲಿನಲ್ಲೇ ಉಳಿದರೆ ಅದು ನಿಮಿಷಕ್ಕೆ ಹದಿಮೂರು ಡಿಗ್ರಿಯಂತೆ ಏರುತ್ತಾ ಹೋಗುತ್ತದೆ. ಲೋಹದ ಕವಚವೂ ಶಾಖ ಹೀರಿಕೊಳ್ಳುತ್ತದೆ, ಕಾರ್ಖಾನೆಯಿಂದ ಬಂದ ಕೂಲರೂ ಸ್ವಲ್ಪ ಹೊರಹಾಕುತ್ತದೆ, ಆದ್ದರಿಂದ ವಾಸ್ತವದಲ್ಲಿ ಏರಿಕೆ ಇಷ್ಟು ಬೇಗ ಆಗದು. ಆದರೂ ಘಾಟಿಯ ಬುಡದಲ್ಲಿ ಸರಿಯಿದ್ದ ಗಾಡಿ ನಡುವಿನಲ್ಲಿ ಎಚ್ಚರಿಕೆ ಕೊಟ್ಟದ್ದು ಏಕೆಂಬುದು ಇದರಿಂದ ತಿಳಿಯುತ್ತದೆ.

ಸುಲಿಯಂತ್ರ, ತೀರ್ಥಹಳ್ಳಿ ತಾಲ್ಲೂಕು

ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಉತ್ತರ ಬರುತ್ತದೆಂದು ನಿರೀಕ್ಷಿಸಿರಲಿಲ್ಲ, ಕೃತಜ್ಞತೆಗಳು. ಎರಡು ಸಂಶಯಗಳಿವೆ. ಆಯಿಲ್ ಎಷ್ಟು ಡಿಗ್ರಿ ದಾಟಿದರೆ ಅಪಾಯ? ದೀಪ ಹತ್ತಿದಾಗ ಎಂಜಿನ್ ಆಫ್ ಮಾಡಬೇಕೇ, ಓಡುತ್ತಲೇ ಬಿಡಬೇಕೇ?

ಗೇರ್‌ಬಾಕ್ಸ್ ರಿಪೇರಿ, ಶಿವಮೊಗ್ಗ

ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ, ಘಾಟಿಯಲ್ಲಿ 105–110 ಮುಟ್ಟಿ ಮತ್ತೆ ಇಳಿದರೆ ಗಾಬರಿ ಬೇಡ. 120 ದಾಟಿದರೆ ನಿಲ್ಲಿಸುವ ಜಾಗ ಹುಡುಕಬೇಕು. 140–150ರ ಹತ್ತಿರ ರಬ್ಬರ್ ಸೀಲುಗಳು ಗಟ್ಟಿಯಾಗತೊಡಗುತ್ತವೆ, ಕ್ಲಚ್ ಪ್ಲೇಟುಗಳ ಹೊದಿಕೆ ಸುಡುತ್ತದೆ, ಆಯಿಲ್ ಅಂಟಾಗಿ, ಗೇರ್ ಬದಲಾವಣೆಗೆ ಆಯಿಲನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ಕಿಂಡಿಗಳಲ್ಲಿ ಕೂರುತ್ತದೆ. 80 ಡಿಗ್ರಿಯ ನಂತರ ಪ್ರತಿ 11 ಡಿಗ್ರಿ ಏರಿಕೆಗೂ ಆಯಿಲಿನ ಆಯುಷ್ಯ ಅರ್ಧವಾಗುತ್ತದೆ ಎಂಬ ಒಂದು ಅಂದಾಜಿನ ನಿಯಮ ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿದೆ. ಅಂದಾಜು ಎಂದೇ ತಿಳಿಯಿರಿ, ಆದರೆ ಸುಟ್ಟ ವಾಸನೆಯ ಕಪ್ಪು ಆಯಿಲನ್ನು ಬಸಿಯುವಾಗಲೆಲ್ಲ ನನಗೆ ಅದು ನಿಜವೆನಿಸಿದೆ.

ಎಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದೊಡನೆ ಆಯಿಲ್ ಪಂಪು ನಿಂತು, ಕುದಿಯುವಷ್ಟು ಬಿಸಿಯಾದ ಆಯಿಲ್ ಕನ್ವರ್ಟರಿನಲ್ಲೇ ಉಳಿಯುತ್ತದೆ. ಸುರಕ್ಷಿತವಾದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಟ್ರೈಲರ್ ಚಕ್ರಗಳಿಗೆ ಕಲ್ಲು ಕೊಟ್ಟು, ಲಿವರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನನ್ನು 1000–1200 ಆರ್‌ಪಿಎಂನಲ್ಲಿ ಕೆಲವು ನಿಮಿಷ ಓಡಲು ಬಿಡಿ. ಡಿ ಸ್ಥಾನದಲ್ಲಿ ಬ್ರೇಕ್ ಒತ್ತಿ ನಿಂತರೆ ಟರ್ಬೈನ್ ನಿಂತೇ ಇರುತ್ತದೆ, ಕನ್ವರ್ಟರ್ ಕಾಯುತ್ತಲೇ ಹೋಗುತ್ತದೆ. ಕೆಲವು ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಪಾರ್ಕ್ ಸ್ಥಾನದಲ್ಲಿ ಕೂಲರಿಗೆ ಆಯಿಲ್ ಹರಿಯುವುದಿಲ್ಲ, ಆದ್ದರಿಂದ ನ್ಯೂಟ್ರಲ್ ಎಂದೇ ಹೇಳುತ್ತೇನೆ.

ಘಾಟಿ ಚಾಲಕ, ಹೊಸನಗರ

ಹುಲಿಕಲ್‌ನಲ್ಲಿ ಚಂಡಿಕಾಂಬಾ ದೇವಸ್ಥಾನದ ಬಳಿ ಹೇಗೂ ಎಲ್ಲರೂ ನಿಲ್ಲಿಸಿ ಕೈಮುಗಿದೇ ಹೋಗುತ್ತೇವೆ. ಆ ಕೆಲವು ನಿಮಿಷ ಎಂಜಿನ್ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಏರಿನಲ್ಲಿ ಎದುರಿನಿಂದ ಬಸ್ಸು ಬಂದು ತಿರುವಿನಲ್ಲಿ ನಿಲ್ಲಬೇಕಾದಾಗ, ಗಾಡಿ ಹಿಂದಕ್ಕೆ ಜಾರದಂತೆ ಆಕ್ಸಿಲರೇಟರಿನಿಂದ ಹಿಡಿದು ನಿಲ್ಲುವ ಅಭ್ಯಾಸ ಬಹಳ ಜನರಿಗಿದೆ. ಚಕ್ರ ತಿರುಗುತ್ತಿಲ್ಲ, ಎಂಜಿನ್ ಎಳೆಯುತ್ತಿದೆ, ಅಂದರೆ ಆ ಕ್ಷಣಕ್ಕೆ ಕನ್ವರ್ಟರಿಗೆ ಬರುವ ಶಕ್ತಿ ಪೂರ್ತಿ ಶಾಖವೇ ಆಗುತ್ತದೆ. ದಯವಿಟ್ಟು ಬ್ರೇಕನ್ನೇ ಬಳಸಿರಿ. ಹಾಗೆಯೇ ಇಳಿಯುವಾಗ, ಆಯಿಲ್ ತಣಿಯಲೆಂದು ನ್ಯೂಟ್ರಲ್‌ಗೆ ಹಾಕಿ ಗಾಡಿ ಬಿಡುವವರನ್ನು ಕಂಡಿದ್ದೇನೆ. ಟ್ರೈಲರ್ ಹಿಂದಿನಿಂದ ನೂಕುತ್ತಿರುವಾಗ ಇದು ಜೀವಕ್ಕೇ ಎರವಾಗುವ ಕೆಲಸ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಕಾಫಿ ಬೆಳೆಗಾರ, ಮೂಡಿಗೆರೆ

ಎಲ್ಲರೂ ಘಾಟಿಯ ಬಗ್ಗೆಯೇ ಬರೆದಿದ್ದೀರಿ. ನನ್ನ ಗಾಡಿಯಲ್ಲಿ ಆಯಿಲ್ ಅತಿ ಹೆಚ್ಚು ಕಾಯುವುದು ತೋಟದೊಳಗಿನ ಮಣ್ಣಿನ ಏರಿನಲ್ಲಿ, ಟ್ರೈಲರನ್ನು ರಿವರ್ಸಿನಲ್ಲಿ ಕಣದೊಳಕ್ಕೆ ಅಂಗುಲಂಗುಲ ಸರಿಸುವಾಗ. ವೇಗ ನಡಿಗೆಗಿಂತ ಕಡಿಮೆ, ಮುಂದಿನ ಜಾಲರಿಗೆ ಗಾಳಿಯ ಹೊಡೆತವಿಲ್ಲ, ಲಾಕಪ್ ಹಿಡಿಯುವ ಮಾತೇ ಇಲ್ಲ. ಇಂಥಲ್ಲಿ ನಾಲ್ಕೂ ಚಕ್ರಗಳು ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಫೋರ್ ಬೈ ಫೋರ್ ಲೋ ರೇಂಜ್ ಹಾಕಿಕೊಂಡರೆ ಗೇರ್‌ಬಾಕ್ಸಿನ ಮೇಲಿನ ಭಾರ ಗಣನೀಯವಾಗಿ ಇಳಿಯುತ್ತದೆ, ಏಕೆಂದರೆ ಲೋ ರೇಂಜಿನ ಹಲ್ಲುಗಳು ಗೇರ್‌ಬಾಕ್ಸ್ ಆದ ಮೇಲೆ ಇರುವುದರಿಂದ ಚಕ್ರಕ್ಕೆ ಬೇಕಾದ ಟಾರ್ಕಿನ ಹೆಚ್ಚಳ ಅಲ್ಲಿ ಆಗುತ್ತದೆ, ಕನ್ವರ್ಟರ್ ಕಡಿಮೆ ಜಾರಿದರೂ ಗಾಡಿ ಚಲಿಸುತ್ತದೆ. ಇದು ಮಣ್ಣು, ಜಲ್ಲಿ, ಹುಲ್ಲಿನ ನೆಲಕ್ಕೆ ಮಾತ್ರ. ಇಲ್ಲಿ ಸಿಗುವ ಹೈಲಕ್ಸ್, ವಿ-ಕ್ರಾಸ್ ಪಿಕಪ್‌ಗಳೆರಡರಲ್ಲೂ ಇರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್‌ಟೈಮ್ ಫೋರ್ ಬೈ ಫೋರ್, ಒಣ ಡಾಂಬರಿನ ತಿರುವಿನಲ್ಲಿ ಅದನ್ನು ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಹಲ್ಲುಗಳಿಗೆ ಪೆಟ್ಟಾಗುತ್ತದೆ.

ಮಳೆಗಾಲದಲ್ಲಿ ಹಳ್ಳ ದಾಟುವವರಿಗೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ನಳಿಕೆ ತಗ್ಗಿನಲ್ಲಿದ್ದರೆ ಅಥವಾ ಸೀಲು ಸಡಿಲವಾಗಿದ್ದರೆ, ನೀರನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಕ್ಲಚ್ ಪ್ಲೇಟಿನ ಹೊದಿಕೆಯನ್ನು ಹಿಡಿದಿಟ್ಟ ಅಂಟಿಗೆ ನೀರಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಏರಿನ ಕೆಲಸ ಮುಗಿಸಿದ ಕೂಡಲೇ ಹಳ್ಳಕ್ಕೆ ಇಳಿಯದೆ ಸ್ವಲ್ಪ ಹೊತ್ತು ಆರಲು ಬಿಡುವುದು ಒಳ್ಳೆಯದು.

ತುಂಗಾತೀರ, ಶಿವಮೊಗ್ಗ

ಓಡಿಸುವ ಕ್ರಮದ ಬಗ್ಗೆ ಬಂದ ಮಾತುಗಳೆಲ್ಲ ಸರಿಯೇ. ಆದರೆ ಬಾಡಿಗೆಯ ಕೆಲಸಕ್ಕೆ ಬೇಸಿಗೆಯುದ್ದಕ್ಕೂ ಘಾಟಿ ಹತ್ತಿಳಿಯುವ ಗಾಡಿಗೆ ಕೂಲರ್ ಬೇಕೇಬೇಕು ಎಂಬುದು ನನ್ನ ವಾದ. ಕಾರ್ಖಾನೆಯ ಕೂಲರ್ ಅನೇಕ ಗಾಡಿಗಳಲ್ಲಿ ರೇಡಿಯೇಟರಿನ ಟ್ಯಾಂಕಿನೊಳಗೇ ಇರುತ್ತದೆ. ಅದರ ಸುತ್ತ ಹರಿಯುವ ಕೂಲೆಂಟ್ 90 ಡಿಗ್ರಿ ಇದ್ದರೆ ಆಯಿಲನ್ನು ಅದಕ್ಕಿಂತ ಕೆಳಗಿಳಿಸುವುದು ಯಾವ ಉಪಾಯದಿಂದಲೂ ಸಾಧ್ಯವಿಲ್ಲ. ಗಾಳಿಯಿಂದ ತಣಿಯುವ ಪ್ರತ್ಯೇಕ ಕೂಲರಿಗೆ ಎದುರಾಗುವುದು ಏಪ್ರಿಲ್‌ನಲ್ಲೂ 35–38 ಡಿಗ್ರಿಯ ಗಾಳಿ ಮಾತ್ರ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ರೇಡಿಯೇಟರಿನ ಕೂಲರನ್ನು ಪೂರ್ತಿ ಬಿಟ್ಟು ಆಯಿಲನ್ನು ನೇರವಾಗಿ ಹೊಸ ಕೂಲರಿಗೇ ಹಾಯಿಸಬೇಕು. ರೇಡಿಯೇಟರಿನೊಳಗಿನ ಕೊಳವೆ ಬಿರುಕುಬಿಟ್ಟರೆ ಕೂಲೆಂಟ್ ಆಯಿಲಿಗೆ ಬೆರೆತು ಗುಲಾಬಿ ಬಣ್ಣದ ನೊರೆಯಾಗಿ ಗೇರ್‌ಬಾಕ್ಸ್ ಹೋಗಿಬಿಡುತ್ತದೆ.

ಗೇರ್‌ಬಾಕ್ಸ್ ರಿಪೇರಿ, ಶಿವಮೊಗ್ಗ

ಕೂಲರ್ ಬೇಕೆಂಬುದನ್ನು ಒಪ್ಪುತ್ತೇನೆ, ರೇಡಿಯೇಟರನ್ನು ಬಿಟ್ಟುಬಿಡುವುದನ್ನು ಒಪ್ಪುವುದಿಲ್ಲ. ರೇಡಿಯೇಟರಿನ ಕೂಲರಿಗೆ ಎರಡು ಕೆಲಸಗಳಿವೆ: ಕಾದ ಆಯಿಲನ್ನು ತಣಿಸುವುದು ಮತ್ತು ತಣ್ಣಗಿನ ಆಯಿಲನ್ನು ಬೇಗ ಬೆಚ್ಚಗಾಗಿಸುವುದು. ಮಲೆನಾಡಿನ ಡಿಸೆಂಬರ್ ಬೆಳಗುಗಳಲ್ಲಿ, ಜುಲೈನ ಎಡೆಬಿಡದ ಮಳೆಯಲ್ಲಿ ಬರೀ ಗಾಳಿಯ ಕೂಲರ್ ಇದ್ದರೆ ಆಯಿಲ್ ಎಷ್ಟೋ ಹೊತ್ತು ದಪ್ಪವಾಗಿಯೇ ಉಳಿಯುತ್ತದೆ, ಗೇರ್ ಬದಲಾವಣೆ ಒರಟಾಗುತ್ತದೆ, ಲಾಕಪ್ ತಡವಾಗಿ ಹಿಡಿಯುತ್ತದೆ. ಆದ್ದರಿಂದ ಸರಿಯಾದ ಕ್ರಮವೆಂದರೆ ಆಯಿಲ್ ಗೇರ್‌ಬಾಕ್ಸಿನಿಂದ ಹೊರಟು ಮೊದಲು ರೇಡಿಯೇಟರಿನ ಕೂಲರಿಗೆ, ಅಲ್ಲಿಂದ ಹೊಸ ಕೂಲರಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಮರಳಬೇಕು. ರೇಡಿಯೇಟರ್ ಬಹುಪಾಲು ಶಾಖವನ್ನು ಇಳಿಸಿದ ಮೇಲೆ ಉಳಿದದ್ದನ್ನು ಗಾಳಿ ಇಳಿಸುತ್ತದೆ. ಥರ್ಮೋಸ್ಟಾಟ್ ಇರುವ ಬೈಪಾಸ್ ಸಿಕ್ಕರೆ ಇನ್ನೂ ಒಳ್ಳೆಯದು, ಆಯಿಲ್ ಕಾಯುವ ತನಕ ಅದು ಹೊಸ ಕೂಲರಿನ ದಾರಿಯನ್ನು ಮುಚ್ಚಿಟ್ಟಿರುತ್ತದೆ. ಬಿರುಕಿನ ಭಯ ನಿಜವಾದದ್ದೇ, ಅದಕ್ಕೆ ಪರಿಹಾರವೆಂದರೆ ಹಳೆಯ ರೇಡಿಯೇಟರನ್ನು ಸಮಯಕ್ಕೆ ಬದಲಿಸುವುದು ಮತ್ತು ಕೂಲೆಂಟ್ ಟ್ಯಾಂಕಿನಲ್ಲಿ ಎಣ್ಣೆಯ ಪದರ ಕಂಡರೆ ಆ ದಿನವೇ ಗಾಡಿ ನಿಲ್ಲಿಸುವುದು.

ಕೂಲರ್ ಕೊಳ್ಳುವಾಗ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಮಾದರಿಯನ್ನೇ ಕೇಳಿ; ಉದ್ದನೆಯ ಒಂದೇ ಕೊಳವೆ ಮಡಚಿದ ಮಾದರಿಗಿಂತ ಅದು ಅದೇ ಅಳತೆಯಲ್ಲಿ ಹೆಚ್ಚು ತಣಿಸುತ್ತದೆ, ಒತ್ತಡದ ನಷ್ಟವೂ ಕಡಿಮೆ. ಎಸಿ ಕಂಡೆನ್ಸರಿನ ಮುಂದೆ, ಗಾಳಿ ನೇರವಾಗಿ ಬೀಳುವಲ್ಲಿ, ಚೌಕಟ್ಟಿಗೆ ಪಟ್ಟಿ ಹಾಕಿ ಕೂರಿಸಬೇಕು. ಪ್ಲಾಸ್ಟಿಕ್ ಕಡ್ಡಿಗಳನ್ನು ಕಂಡೆನ್ಸರಿನ ರೆಕ್ಕೆಗಳ ಮೂಲಕ ತೂರಿಸಿ ಕಟ್ಟುವವರಿದ್ದಾರೆ, ನಮ್ಮ ರಸ್ತೆಗಳ ಅಲುಗಾಟಕ್ಕೆ ಅದು ಉಜ್ಜಿ ತೂತು ಮಾಡುತ್ತದೆ. ಹೋಸು ಗೇರ್‌ಬಾಕ್ಸ್ ಆಯಿಲಿಗೂ ಅದರ ಬಿಸಿಗೂ ತಾಳುವಂಥದ್ದೇ ಆಗಿರಬೇಕು, ಕೈಗೆ ಸಿಕ್ಕ ಡೀಸೆಲ್ ಪೈಪು ಬೇಡ. ವಾರಂಟಿ ಇರುವ ಗಾಡಿಯಾದರೆ ಮೊದಲು ಲಿಖಿತವಾಗಿ ಕೇಳಿಕೊಳ್ಳಿ.

ಪಿಕಪ್ ಮಾಲೀಕ, ಕೊಪ್ಪ

ಕೂಲರ್ ಹಾಕಿದ ಮೇಲೆ ಅದನ್ನು ಶುಚಿಯಾಗಿಡುವುದನ್ನು ನಮ್ಮವರು ಮರೆಯುತ್ತಾರೆ. ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು, ಮಳೆಹುಳುಗಳು ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂತರೆ ಕೂಲರ್ ಇದ್ದೂ ಇಲ್ಲದಂತೆ. ಸರ್ವಿಸ್ ಸ್ಟೇಷನ್ನಿನ ರಭಸದ ನೀರನ್ನು ಹತ್ತಿರದಿಂದ ಹೊಡೆಸಬೇಡಿ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಸಾಧಾರಣ ಹೋಸಿನಿಂದ, ಸಾಧ್ಯವಾದಲ್ಲಿ ಹಿಂದಿನಿಂದ ಮುಂದಕ್ಕೆ ತೊಳೆಯಿರಿ.

ಘಾಟಿ ಚಾಲಕ, ಹೊಸನಗರ

ಎಚ್ಚರಿಕೆ ದೀಪ ಹತ್ತುವ ತನಕ ಕಾಯುವುದು ತಡವಾದಂತೆ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲೆಂದು ಇರುವ ಓಬಿಡಿ ಕಿಂಡಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸಾಧನ ಮತ್ತು ಗೇರ್‌ಬಾಕ್ಸಿನ ಅಂಕಿಗಳನ್ನು ಓದಬಲ್ಲ ಆ್ಯಪ್ ಇದ್ದರೆ ಆಯಿಲ್ ಉಷ್ಣತೆ ಫೋನಿನಲ್ಲೇ ಕಾಣುತ್ತದೆ. ಎಂಜಿನ್ ಆರ್‌ಪಿಎಂ ಮತ್ತು ಟರ್ಬೈನ್ ಆರ್‌ಪಿಎಂಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ, ಎರಡೂ ಒಂದೇ ಆಗಿದ್ದರೆ ಲಾಕಪ್ ಹಿಡಿದಿದೆ, ಅಂತರ ಹೆಚ್ಚಿದಷ್ಟೂ ಶಾಖ ಹುಟ್ಟುತ್ತಿದೆ. ಯಾವ ಗೇರಿನಲ್ಲಿ, ಯಾವ ವೇಗದಲ್ಲಿ ನಿಮ್ಮ ಗಾಡಿ ಲಾಕಪ್ ಹಿಡಿಯುತ್ತದೆಂದು ಒಮ್ಮೆ ತಿಳಿದುಕೊಂಡರೆ ಘಾಟಿಯ ನೇರ ಏರುಗಳಲ್ಲಿ ಆ ವೇಗಕ್ಕೆ ಹೊಂದಿಸಿಕೊಳ್ಳಬಹುದು. ಫೋನನ್ನು ಪಕ್ಕದಲ್ಲಿ ಕೂತವರು ನೋಡಲಿ. ಒಂದನ್ನು ಗಮನದಲ್ಲಿಡಿ: ಬಹಳ ಗಾಡಿಗಳಲ್ಲಿ ಸಂವೇದಕ ಇರುವುದು ಕೆಳಗಿನ ಆಯಿಲ್ ತಟ್ಟೆಯ ಕಡೆ, ಕನ್ವರ್ಟರಿನಿಂದ ಹೊರಬರುವ ಆಯಿಲ್ ಅದಕ್ಕಿಂತ ಎಷ್ಟೋ ಬಿಸಿಯಿರುತ್ತದೆ.

ಭೌತಶಾಸ್ತ್ರ ಶಿಕ್ಷಕಿ, ಸಾಗರ

ನನ್ನ ಲೆಕ್ಕದಲ್ಲಿ ತೂಕವೇ ಮುಖ್ಯ ಅಂಶ. ಟ್ರೈಲರ್ ಎಷ್ಟು ತೂಗುತ್ತದೆ ಎಂದು ಪ್ರಶ್ನೆ ಕೇಳಿದವರು ಇನ್ನೂ ಹೇಳಿಲ್ಲ.

ಸುಲಿಯಂತ್ರ, ತೀರ್ಥಹಳ್ಳಿ ತಾಲ್ಲೂಕು

ತೂಕದ ಸೇತುವೆಯ ಮೇಲೆ ಇಟ್ಟು ನೋಡಿದೆ. ಯಂತ್ರ, ಅದರ ಡೀಸೆಲ್ ಎಂಜಿನ್, ಚೌಕಟ್ಟು ಸೇರಿ ಟ್ರೈಲರ್ 1300 ಕಿಲೋ ದಾಟುತ್ತದೆ. ಪಿಕಪ್ಪಿನ ತೊಟ್ಟಿಯಲ್ಲಿ ಜೊತೆಗಾರರ ಸಾಮಾನು, ಕೆಲವೊಮ್ಮೆ ಚಾಲಿ ಮೂಟೆಗಳೂ ಇರುತ್ತವೆ. ಟ್ರೈಲರಿಗೆ ಬ್ರೇಕ್ ಇಲ್ಲ. ಇದೇ ಗಾಡಿ ಹೊರದೇಶದಲ್ಲಿ ಮೂರೂವರೆ ಟನ್ ಎಳೆಯುತ್ತದೆಂದು ಓದಿದ್ದರಿಂದ ತೂಕದ ಬಗ್ಗೆ ಯೋಚಿಸಿರಲಿಲ್ಲ.

ಗೇರ್‌ಬಾಕ್ಸ್ ರಿಪೇರಿ, ಶಿವಮೊಗ್ಗ

ಆ ಮೂರೂವರೆ ಟನ್ನಿನ ಅಂಕಿಯನ್ನು ಪೂರ್ತಿಯಾಗಿ ಓದಬೇಕು. ಆಸ್ಟ್ರೇಲಿಯಾದಲ್ಲಿ ಇಂಥ ಪಿಕಪ್‌ಗಳಿಗೆ 3500 ಕಿಲೋ ಎಂದಿರುವುದು ಸ್ವಂತ ಬ್ರೇಕ್ ಇರುವ ಟ್ರೈಲರಿಗೆ. ಬ್ರೇಕ್ ಇಲ್ಲದ ಟ್ರೈಲರಿಗೆ ಅಲ್ಲಿಯೂ ಮಿತಿ 750 ಕಿಲೋ. ಇಲ್ಲಿ ಮಾರಿದ ಗಾಡಿಗೆ ಇಲ್ಲಿನ ಕೈಪಿಡಿ ಏನು ಹೇಳುತ್ತದೋ ಅದೇ ಪ್ರಮಾಣ. ಪಿಕಪ್ ನಿಧಾನಿಸಿದಾಗ ಟ್ರೈಲರಿನ ನೂಕಿನಿಂದಲೇ ತಾನಾಗಿ ಹಿಡಿಯುವ ಓವರ್‌ರನ್ ಬ್ರೇಕನ್ನು ನಿಮ್ಮ ಟ್ರೈಲರಿಗೆ ಹಾಕಿಸುವುದನ್ನು ಕೂಲರಿಗಿಂತ ಮೊದಲು ಮಾಡಿಸಿ, ಏಕೆಂದರೆ ಕಾದ ಆಯಿಲಿನಿಂದ ಗೇರ್‌ಬಾಕ್ಸ್ ಹೋದೀತು, ಬ್ರೇಕ್ ಸಾಲದೆ ಹೋದರೆ ಹೋಗುವುದು ಬೇರೆಯೇ. ಕೊಂಡಿಯ ಮೇಲೆ ಟ್ರೈಲರ್ ತೂಕದ ಶೇಕಡಾ 10ರಿಂದ 15ರಷ್ಟು ಬೀಳುವಂತೆ ಯಂತ್ರವನ್ನು ಕೂರಿಸಿ, ಹಿಂಭಾರವಾದರೆ ಟ್ರೈಲರ್ ತೂಗಾಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ, ನೋಂದಣಿಯ ವಿಷಯವನ್ನು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಚಾಲಿ ಮೂಟೆಗಳನ್ನು ಬೇರೆ ಗಾಡಿಯಲ್ಲಿ ಕಳಿಸಿದರೆ ಅಷ್ಟು ಶಾಖವೂ ಉಳಿಯಿತು.

ಸುಲಿಯಂತ್ರ, ತೀರ್ಥಹಳ್ಳಿ ತಾಲ್ಲೂಕು

ಬ್ರೇಕಿನ ವಿಷಯ ಮನಸ್ಸಿಗೆ ನಾಟಿತು, ಮೊದಲು ಅದನ್ನೇ ಮಾಡಿಸುತ್ತೇನೆ. ಈಗಾಗಲೇ ಒಮ್ಮೆ ಕಾದಿರುವ ಆಯಿಲನ್ನು ಬದಲಿಸಬೇಕೇ? ಗಾಡಿಯ ಆಯುಷ್ಯವಿಡೀ ಬದಲಿಸಬೇಕಾಗಿಲ್ಲ ಎಂದು ನನಗೆ ಹೇಳಿದವರಿದ್ದಾರೆ.

ಗೇರ್‌ಬಾಕ್ಸ್ ರಿಪೇರಿ, ಶಿವಮೊಗ್ಗ

ಟ್ರೈಲರ್ ಎಳೆದು ಘಾಟಿ ಹತ್ತುವ ಗಾಡಿಗೆ ಆ ಮಾತು ಅನ್ವಯಿಸುವುದಿಲ್ಲ. ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆಯೇ ಅವಧಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ, ಬೇಸಿಗೆಯ ಕೆಲಸ ಶುರುವಾಗುವ ಮುನ್ನ ಬದಲಿಸಿಬಿಡಿ. ತಟ್ಟೆಯ ಬಿರಡೆ ತೆಗೆದು ಬಸಿದರೆ ಒಂದು ಪಾಲು ಮಾತ್ರ ಹೊರಬರುತ್ತದೆ, ಉಳಿದದ್ದು ಕನ್ವರ್ಟರಿನಲ್ಲೂ ಕೊಳವೆಗಳಲ್ಲೂ ಇರುತ್ತದೆ; ಆದ್ದರಿಂದ ನಡುನಡುವೆ ಗಾಡಿ ಓಡಿಸಿ ಎರಡು ಮೂರು ಬಾರಿ ಬಸಿದು ತುಂಬಬೇಕಾಗುತ್ತದೆ. ತಟ್ಟೆಯ ಆಯಸ್ಕಾಂತದ ಮೇಲೆ ನುಣ್ಣನೆಯ ಬೂದು ಲೇಪವಿದ್ದರೆ ಸಹಜ, ಹೊಳೆಯುವ ಲೋಹದ ಚೂರುಗಳಿದ್ದರೆ ಅಲ್ಲಿಗೇ ನಿಲ್ಲಿಸಿ ನನ್ನಂಥವರಿಗೆ ತೋರಿಸಿ. ಕಂಪನಿ ಸೂಚಿಸಿದ ಆಯಿಲನ್ನೇ ಹಾಕಿ, ಎಲ್ಲಕ್ಕೂ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ.

ಕೂಲರ್ ಹಾಕಿಸಿದ ಮೇಲೆ ಮಟ್ಟವನ್ನು ಮತ್ತೆ ನೋಡಲೇಬೇಕು, ಏಕೆಂದರೆ ಹೊಸ ಕೂಲರ್ ಮತ್ತು ಹೋಸುಗಳು ತಾವೂ ಸ್ವಲ್ಪ ಆಯಿಲನ್ನು ಹಿಡಿದುಕೊಳ್ಳುತ್ತವೆ. ಈಗಿನ ಬಹುತೇಕ ಗೇರ್‌ಬಾಕ್ಸ್‌ಗಳಲ್ಲಿ ಅಳತೆ ಕಡ್ಡಿ ಇಲ್ಲ. ಗಾಡಿಯನ್ನು ಮಟ್ಟಸವಾಗಿ ಎತ್ತಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ಕೈಪಿಡಿ ಹೇಳಿದ ಉಷ್ಣತೆಗೆ ಬಂದಾಗ ತಪಾಸಣೆಯ ಬಿರಡೆ ಬಿಚ್ಚಿ, ತೆಳುವಾಗಿ ತೊಟ್ಟಿಕ್ಕುವುದನ್ನು ನೋಡಿ ಮುಚ್ಚಬೇಕು. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ತಿರುಗುವ ಹಲ್ಲುಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ಎರಡರಿಂದಲೂ ಅದು ಮತ್ತೆ ಕಾಯುತ್ತದೆ. ಮೊದಲ ಸಲ ಘಾಟಿ ಹತ್ತಿ ಬಂದ ದಿನವೇ ಬಾನೆಟ್ ತೆರೆದು ಹೋಸಿನ ಎಲ್ಲ ಕ್ಲಿಪ್ಪುಗಳ ಬಳಿ ಬಟ್ಟೆಯಿಂದ ಒರೆಸಿ ನೋಡಿ, ಒದ್ದೆ ಕಂಡಲ್ಲಿ ಬಿಗಿ ಮಾಡಿ, ಆಮೇಲೆ ಫೋನಿನಲ್ಲಿ ಕಂಡ ಅತಿ ಹೆಚ್ಚಿನ ಉಷ್ಣತೆ ಎಷ್ಟೆಂದು ಇಲ್ಲಿ ತಿಳಿಸಿ.